ಕಟಕಟೆಯಿಂದ ಇಳಿಯುವ ಮುಂಚೆ

ಉಧ್ನಾ, ಸೂರತ್
೨೦ ಜೂನ್ ೧೯೬೬

ಬಾಲಚಂದ್ರರಾಯರಿಗೆ ಗಿರಿಜಾ ಐತಾಳಳ ನಮಸ್ಕಾರ.

ಕ್ಷೇಮವಾಗಿದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ. ನಿಮ್ಮ ವಿಮಾ ಕಚೇರಿಗೆ ಹೋಗಿ ವಿಚಾರಿಸಿದರೆ ನಿಮಗೆ ಬರೋಡಾಕ್ಕೆ ವರ್ಗವಾಯಿತು, ಹೋಗಿಯೂ ಆಯಿತು ಎಂದರು. ಒಂದು ಮಾತು ಹೇಳದೆ ಹೋದಿರಲ್ಲ ಮಾರಾಯರೇ! ಮದುವೆಯಾಗುವ ತನಕ ನಾಲ್ಕು ವರ್ಷ ಎರಡು ಹೊತ್ತೂ ನಮ್ಮ ಹೋಟೆಲಿನಲ್ಲೇ ಉಂಡವರು ನೀವು.

ಶುಕ್ರವಾರ ತೀರ್ಪಾಯಿತು. ನಮ್ಮ ಅಡಿಗೆಯ ವಿಠ್ಠಲನಿಗೆ ಗಲ್ಲು. ಅವನಿಗೆ ಅದು ಅರ್ಥವಾಗಲಿಲ್ಲ. ದುಭಾಷಿಯಾಗಿ ನೀವಿರಲಿಲ್ಲವಲ್ಲ, ಕನ್ನಡದಲ್ಲಿ ಹೇಳುವವರು ಯಾರೂ ಇರಲಿಲ್ಲ. ಪೊಲೀಸಿನವನೊಬ್ಬ ತನ್ನ ಕತ್ತಿನ ಸುತ್ತ ಬೆರಳಾಡಿಸಿ ತೋರಿಸಿದ. ಆಗ ವಿಠ್ಠಲ ಕೈ ಮುಗಿದ. ನಾನು ಬೆಂಚಿನ ಮೇಲೆ ಕೂತುಬಿಟ್ಟೆ.

ನನ್ನ ಗಂಡನನ್ನು ಕೊಂದವನು ಅವನೇ, ಅದರಲ್ಲಿ ಎರಡು ಮಾತಿಲ್ಲ. ದೀಪಾವಳಿಯ ದಿನ ಬೆಳಿಗ್ಗೆ, ತೆಂಗಿನಕಾಯಿ ಒಡೆಯುವ ಕತ್ತಿಯಿಂದ, ಒಂದೇ ಏಟು. ನಾನು ನೋಡಿದ್ದೇನೆ. ಅವನೂ ಕೋರ್ಟಿನಲ್ಲಿ ಕೊಂದದ್ದು ನಾನೇ ಎಂದನೇ ಹೊರತು ಬೇರೇನೂ ಬಾಯಿಬಿಡಲಿಲ್ಲ. ಆದರೆ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ, ಸಿಕ್ಕಿಬಿದ್ದ, ಅದಕ್ಕೆ ಕೊಂದ ಎಂದು ಪೊಲೀಸರು ಬರೆದದ್ದು ಸುಳ್ಳು ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಅವನು ಆ ಪೆಟ್ಟಿಗೆ ತೆರೆದದ್ದು ಹೋಟೆಲಿನ ಬೀಗದ ಕೈ ತೆಗೆದುಕೊಳ್ಳಲು. ಸಿಕ್ಕಿದ್ದು ಅವನ ಹೆಸರಿಗೆ ಊರಿನಿಂದ ಬಂದಿದ್ದ ತಾರು. ಇದೇನು ಎಂದು ಹಿಡಿದು ಕೇಳಿದಾಗ ಇವರು ನಿಜ ಹೇಳಲೇಬೇಕಾಯಿತು. ಅವನ ತಾಯಿ ಸತ್ತು ಮೂರು ದಿನವಾಗಿತ್ತು. ಹಬ್ಬದ ಸಿಹಿತಿಂಡಿಯ ಆರ್ಡರು ಮುಗಿಯುವ ತನಕ ಅಡಿಗೆಯವನು ಊರಿಗೆ ಓಡಬಾರದೆಂದು ಇವರು ತಾರನ್ನು ಮುಚ್ಚಿಟ್ಟರು. ಇಂಗ್ಲಿಷಿನಲ್ಲಿದ್ದ ಅದನ್ನು ಇವರಿಗೆ ಓದಿ ಹೇಳಿದವರು ನೀವು. ಇಡ್ಲಿ ಬಡಿಸುತ್ತ ಕೇಳಿಸಿಕೊಂಡವಳು ನಾನು. ಒಬ್ಬನೇ ಮಗ ತಾಯಿಗೆ ಬೆಂಕಿ ಕೊಡಲಿಲ್ಲ. ಸೂತಕದ ಕೈಯಲ್ಲಿ ಮೂರು ದಿನ ಲಾಡು ಕಟ್ಟಿದ, ದೇವರ ನೈವೇದ್ಯ ಮಾಡಿದ. ನಾವು ಮೂವರೂ ಸುಮ್ಮನಿದ್ದೆವು.

ವಕೀಲರ ಪ್ರಶ್ನೆಗಳೆಲ್ಲ ಮುಗಿದು ಕಟಕಟೆಯಿಂದ ಇಳಿಯಿರಿ ಎಂದ ಮೇಲೆ ನಾನು ಕಂಬಿ ಹಿಡಿದು ಇದನ್ನೇ ಹೇಳಿದೆ. ಅವನು ಕಳ್ಳನಲ್ಲ, ತಾರು ಬಂದಿತ್ತು, ನನಗೂ ಗೊತ್ತಿತ್ತು, ನಾನು ಅವನನ್ನು ಕ್ಷಮಿಸಿದ್ದೇನೆ, ಜೀವ ತೆಗೆಯಬೇಡಿ ಎಂದೆ. ನೀವು ಪಕ್ಕದಲ್ಲೇ ನಿಂತು ಇಂಗ್ಲಿಷಿಗೆ ಹೇಳಿದಿರಿ. ಜಡ್ಜು ಬರೆದುಕೊಂಡರು. ಆದರೂ ಗಲ್ಲು. ನಾನು ಹೇಳಿದ್ದರಲ್ಲಿ ಏನು ಕಡಿಮೆಯಾಯಿತು ಎಂದು ನನಗೆ ತಿಳಿಯಬೇಕು. ನೀವೇ ಬರೆದು ತಿಳಿಸಿ.

ಇವರ ಅಣ್ಣ, ಭಾವನವರಿಗೆ ನನ್ನ ಮೇಲೆ ಕೆಂಡದಂಥ ಕೋಪ. "ಗಂಡನ ಕೊಂದವನ ಪರ ಮಾತಾಡುವುದಾ ನೀನು? ಅಡಿಗೆಯವನಿಗೂ ನಿನಗೂ ಎಂತ ಅಂತ ಕೇಳ್ತಾರೆ ನಾಳೆ ಜನ. ಮಾನ ಮರ್ಯಾದೆ ಉಂಟಾ?" ಎಂದು ಎಲ್ಲರೆದುರು ಕೇಳಿದರು. ಮಗಳು ಸುಶೀಲಾಳನ್ನು ನನ್ನಿಂದ ಬಿಡಿಸಿ ಊರಿಗೆ ಕಳಿಸುತ್ತಾರಂತೆ. ಮಗು ಶಾಲೆಯಿಂದ ಬರುವುದು ಐದು ನಿಮಿಷ ತಡವಾದರೆ ಬೀದಿಯ ಕೊನೆಯ ತನಕ ಓಡುತ್ತೇನೆ.

ಇಂತಿ,
ಗಿರಿಜಾ


ಬರೋಡಾ
೨ ಜುಲೈ ೧೯೬೬

ಪೂಜ್ಯ ಗಿರಿಜಕ್ಕನವರಿಗೆ,

ನಿಮ್ಮ ಕಾಗದ ಅಂಟು ಬಿಟ್ಟುಕೊಂಡು ಕಚೇರಿಗೆ ಬಂದು, ಮೂರು ಮೇಜು ಸುತ್ತಿ ನನ್ನ ಕೈ ಸೇರಿತು. ಇಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂದು ಗೊತ್ತಿದ್ದರೂ ಅದನ್ನು ತಟ್ಟನೆ ಜೇಬಿಗೆ ತುರುಕಿದೆ. ದಯಮಾಡಿ ಇನ್ನು ಮುಂದೆ ಮನೆಯ ವಿಳಾಸಕ್ಕೆ, ಲಕೋಟೆಯಲ್ಲಿ ಹಾಕಿ ಬರೆಯಿರಿ.

ನ್ಯಾಯಾಧೀಶರು ಹಿಂದೆ ಮುಂದೆ ನೋಡದೆ ಯಾರಿಗೂ ಗಲ್ಲು ಕೊಡುವುದಿಲ್ಲ. ಎಲ್ಲ ತೂಗಿ ನೋಡಿರುತ್ತಾರೆ. ನಾನಾದರೋ ಬರಿಯ ದುಭಾಷಿ. ಸೂರತ್ತಿನಲ್ಲಿ ಇಂಗ್ಲಿಷೂ ಕನ್ನಡವೂ ಬಲ್ಲ ಸರ್ಕಾರಿ ಮನುಷ್ಯ ಬೇಕೆಂದು ಕೋರ್ಟು ನಮ್ಮ ಮ್ಯಾನೇಜರಿಗೆ ಬರೆಯಿತು, ಅವರು ನನ್ನನ್ನು ತಳ್ಳಿದರು. ನನಗೂ ಆ ಹೋಟೆಲಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಗಲ್ಲಿನ ಶಿಕ್ಷೆಯಾದರೆ ಕಾಗದಪತ್ರ ತಾನಾಗಿಯೇ ಅಹಮದಾಬಾದಿನ ಹೈಕೋರ್ಟಿಗೆ ಹೋಗುತ್ತದೆ. ಅವರು ಒಪ್ಪದೆ ಯಾರನ್ನೂ ಗಲ್ಲಿಗೆ ಹಾಕುವಂತಿಲ್ಲ. ಆದ್ದರಿಂದ ನೀವು ನಾನು ಮಾಡಬೇಕಾದ್ದು ಏನೂ ಉಳಿದಿಲ್ಲ. ನಿಮ್ಮ ಭಾವ ಸುಬ್ರಹ್ಮಣ್ಯ ಐತಾಳರು ಹೇಳಿದ ಹಾಗೆ ನಡೆದುಕೊಂಡರೆ ಮಗುವಿಗೂ ಒಳ್ಳೆಯದು. ಮತ್ತೆ ಆ ತಾರು, ಅದನ್ನು ಓದಿದವರು ಯಾರು ಎಂಬ ವಿಷಯ ಎಲ್ಲಿಯೂ ಬರೆಯಬೇಡಿ. ಈ ಕಾಗದ ಓದಿದ ಮೇಲೆ ಹರಿದುಹಾಕಿ.

ಹೆಂಡತಿ ನಳಿನಿಗೆ ಇದಾವುದೂ ಗೊತ್ತಿಲ್ಲ. ನಿನ್ನೆ ಬಾಗಿಲು ತಟ್ಟಿದ ಸದ್ದಿಗೆ ನನ್ನ ಕೈಯ ತಟ್ಟೆ ಜಾರಿತು. "ಹಾಲಿನಾವ ಬಂದಾನ್ರಿ, ಹಿಂಗ್ಯಾಕ ಬೆಚ್ಚಿಬೀಳ್ತೀರಿ?" ಎಂದು ಅವಳು ನಕ್ಕಳು.

ನಿಮ್ಮ,
ಬಾಲಚಂದ್ರ


ಉಧ್ನಾ, ಸೂರತ್
೨೫ ಜುಲೈ ೧೯೬೬

ಬಾಲಚಂದ್ರರಾಯರಿಗೆ,

ನಿಮ್ಮ ಕಾಗದ ಹರಿದುಹಾಕಲಿಲ್ಲ, ಇಟ್ಟುಕೊಂಡಿದ್ದೇನೆ. ಕಾಗದ ಮುಚ್ಚಿಡುವುದು, ಹರಿಯುವುದು ಎಲ್ಲ ಈ ಮನೆಯಲ್ಲಿ ಆದಷ್ಟೇ ಸಾಕು. ಆ ತಾರನ್ನು ಭಾವ ಪೊಲೀಸರು ಬರುವ ಮುಂಚೆಯೇ ಒಲೆಗೆ ಹಾಕಿದರು. ಅದು ಉರಿಯುವುದನ್ನೂ ನಾನೇ ನಿಂತು ನೋಡಿದ್ದು.

ಕಳೆದ ವಾರ ಅಹಮದಾಬಾದಿನ ಸಾಬರಮತಿ ಜೈಲಿಗೆ ಹೋಗಿಬಂದೆ. ಭಾವನಿಗೆ ದೇವಸ್ಥಾನಕ್ಕೆ ಎಂದೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಪ್ಯಾಸೆಂಜರು ಗಾಡಿ ಹತ್ತಿದೆ. ಗಾಡಿ ಬರೋಡಾದಲ್ಲಿ ತುಂಬ ಹೊತ್ತು ನಿಂತಿತು. ಇಳಿದು ನಿಮ್ಮ ಮನೆಗೆ ಬರೋಣ ಎನ್ನಿಸಿ ಬಾಗಿಲ ತನಕ ಬಂದೆ. ನೀವು ಹೆದರಿ ಸಾಯುತ್ತೀರಿ ಎಂದು ಹಿಂದೆ ಹೋಗಿ ಕೂತೆ.

ಜೈಲಿನಲ್ಲಿ ಯಾರು ನೀವು ಎಂದು ಕೇಳಿದರು. ಅವನ ಊರಿನವಳು ಎಂದೆ. ಅವನಿಂದ ವಿಧವೆಯಾದವಳು ಎಂದರೆ ಬಿಡುತ್ತಿದ್ದರೋ ಇಲ್ಲವೋ. ನನಗೆ ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಆ ಕತ್ತಿ ಹಿಡಿದ ಕೈಯನ್ನೇ ನೋಡುತ್ತೇನಲ್ಲ ಎಂದು ಗೇಟಿನ ತನಕ ತಿರುಗಿ ಹೋಗಿ ಮತ್ತೆ ಬಂದೆ. ಕಂಬಿಯಾಚೆ ಬಂದು ನಿಂತವನನ್ನು ನೋಡಿದರೆ ಗುರುತೇ ಸಿಗಲಿಲ್ಲ. ನಮ್ಮ ಅಡಿಗೆಮನೆಯಲ್ಲಿ ಒಬ್ಬನೇ ಹಂಡೆ ಇಳಿಸುತ್ತಿದ್ದ ಆಳು ಅರ್ಧವಾಗಿದ್ದ. ನನ್ನನ್ನು ಕಂಡದ್ದೇ ನೆಲಕ್ಕೆ ಹಣೆ ಹಚ್ಚಿದ. ಏಳು ಎಂದರೂ ಏಳಲಿಲ್ಲ.

"ನೀವು ಹೇಳಿದ್ದು ನಂಗೆ ಕೇಳಿತು ಅಮ್ಮಾ. ಅಷ್ಟು ಸಾಕು. ಜಡ್ಜಿಗೆ ಮನಸ್ಸು ಬಾರದಿದ್ದರೆ ಬೇಡ" ಎಂದ.

ಆಮೇಲೆ ಅವನು, "ಅಮ್ಮನ ಕ್ರಿಯೆ ಯಾರು ಮಾಡಿದರು, ನಿಮಗೇನಾದರೂ ಗೊತ್ತುಂಟಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಬೆಳಗಾಗುವ ಮುಂಚೆ ಯಾವುದೋ ಬಾಗಿಲು ತೆರೆದ ಸದ್ದಾದರೆ ಮೈಯೆಲ್ಲ ಬೆವರುತ್ತದಂತೆ. ಕಾವಲಿನವರ ಭಾಷೆ ತಿಳಿಯದ್ದರಿಂದ ಅವರು ಏನು ಮಾತಾಡಿದರೂ ತನ್ನ ದಿನವೇ ಗೊತ್ತಾಯಿತು ಎಂದುಕೊಳ್ಳುತ್ತಾನಂತೆ. ಊಟದ ತಟ್ಟೆ ಕೊಡುವಾಗ ನಾಲ್ಕು ಮಾತು ಹೆಚ್ಚಾದರೆ ಊಟ ಇಳಿಯುವುದಿಲ್ಲವಂತೆ.

ಅವತ್ತು ಆ ಕೋರ್ಟಿನಲ್ಲಿ ಕನ್ನಡ ಬಲ್ಲವರು ನಾಲ್ಕೇ ಜನ. ನಾನು ಹೇಳಿದೆ, ವಿಠ್ಠಲ ಕೇಳಿದ, ಭಾವ ಕೇಳಿ ಹಲ್ಲು ಕಡಿದರು. ನಾಲ್ಕನೆಯವರು ನೀವು. ಅಹಮದಾಬಾದಿನಲ್ಲಿ ಅವನಿಗೆಂದು ಹೊಸ ವಕೀಲರನ್ನು ಕೊಟ್ಟಿದ್ದಾರೆ. ಅವರನ್ನೂ ಕಂಡೆ. ನನ್ನ ಹರಕು ಹಿಂದಿಯಲ್ಲಿ ತಾರಿನ ವಿಷಯ ಹೇಳಿದರೆ, ಕಾಗದಗಳನ್ನೆಲ್ಲ ತಿರುವಿ ಹಾಕಿ, ನಿಮ್ಮ ಸಾಕ್ಷ್ಯದಲ್ಲಿ ಅಂಥ ಮಾತು ಇಲ್ಲವೇ ಇಲ್ಲವಲ್ಲ ತಾಯೀ ಎಂದರು. ಇಲ್ಲವೇ ಇಲ್ಲ ಎಂದರೆ ಏನು ಅರ್ಥ ರಾಯರೇ?

ಗಿರಿಜಾ


ಬರೋಡಾ
೧೨ ಆಗಸ್ಟ್ ೧೯೬೬

ಗಿರಿಜಕ್ಕ,

ಇದು ನಾನು ಬರೆಯುತ್ತಿರುವ ಐದನೆಯ ಕಾಗದ. ನಾಲ್ಕನ್ನು ಸುಟ್ಟೆ.

ನೀವು ಹೇಳಿದ್ದನ್ನು ನಾನು ಹೇಳಲಿಲ್ಲ.

ನೀವು ಕಂಬಿ ಹಿಡಿದು ಮಾತು ಶುರುಮಾಡಿದಾಗ ಮೊದಲು ನನಗೆ ಏನೂ ಅನ್ನಿಸಲಿಲ್ಲ. ತಾರು ಎಂಬ ಮಾತು ಬಂದೊಡನೆ ಕಿವಿ ಮುಚ್ಚಿದ ಹಾಗಾಯಿತು. ಮುಂದಿನ ಪ್ರಶ್ನೆ ಏನೆಂದು ನನಗೆ ಕಾಣುತ್ತಿತ್ತು: ತಾರು ಇಂಗ್ಲಿಷಿನಲ್ಲಿರುತ್ತದೆ, ನಿಮ್ಮ ಯಜಮಾನರಿಗೆ ಇಂಗ್ಲಿಷು ಬಾರದು, ಹಾಗಾದರೆ ಓದಿದವರು ಯಾರು? ಆಗ ನೀವು ನನ್ನತ್ತ ಬೆರಳು ತೋರಿಸುವುದು ಖಂಡಿತ, ನಾನು ಅಲ್ಲೇ ನಿಂತಿದ್ದೆ, ಪ್ರಮಾಣ ಮಾಡಿದವನು. ಇವನೇ ತಾರು ಓದಿ ಬಾಯಿ ಮುಚ್ಚಿಕೊಂಡವನು, ಇವನೇ ದುಭಾಷಿ! ಆ ವಾರವಷ್ಟೇ ವರ್ಗದ ಆರ್ಡರು ಬಂದಿತ್ತು, ನಳಿನಿ ಧಾರವಾಡದಿಂದ ಬಂದು ಹದಿನೈದು ದಿನವಾಗಿತ್ತು. ನೌಕರಿ ಹೋಯಿತು, ಜೈಲಾಯಿತು, ಮಾವನ ಮುಂದೆ ತಲೆ ತಗ್ಗಿಸಿ ನಿಂತೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ಕಂಡುಬಿಟ್ಟಿತು.

ನ್ಯಾಯಾಧೀಶರು ತಲೆ ಎತ್ತಿ, ಏನು ಹೇಳುತ್ತಾಳೆ ಎಂದು ಕೇಳಿದರು. ಗಂಡನನ್ನು ನೆನೆದು ಅಳುತ್ತಿದ್ದಾಳೆ ಸ್ವಾಮಿ ಎಂದೆ. ಅಷ್ಟೆಯೇ ಎಂದರು. ಅಷ್ಟೇ ಎಂದೆ. ಅವರು ಪಾಪ ಎಂದು ನಿಮಗೆ ನೀರು ಕೊಡಿಸಿದರು. ಆ ನೀರನ್ನು ನಿಮ್ಮ ಕೈಗೆ ಕೊಟ್ಟವನೂ ನಾನೇ.

ಗಲ್ಲು ಆಗಲಾರದು, ಹೆಚ್ಚೆಂದರೆ ಜೀವಾವಧಿ ಎಂದು ನನಗೆ ನಾನೇ ಹೇಳಿಕೊಂಡೆ. ತೀರ್ಪಿನ ದಿನಕ್ಕೆ ಇರಬಾರದೆಂದು ಮೂರು ದಿನ ಮುಂಚೆ ಗಂಟುಮೂಟೆ ಕಟ್ಟಿದೆ. ಈಗ ಪೇಪರು ಬಂದರೆ ಮೊದಲು ಅಹಮದಾಬಾದಿನ ಸುದ್ದಿಯನ್ನೇ ಹುಡುಕುತ್ತೇನೆ. ಅವನಿಗೆ ಗಲ್ಲಾದರೆ ಎಂಬ ಹೆದರಿಕೆ ಒಂದು. ಆಗದೆ ಎಲ್ಲ ಹೊರಬಿದ್ದರೆ ಎಂಬ ಹೆದರಿಕೆ ಇನ್ನೊಂದು. ಯಾವುದು ದೊಡ್ಡದು ಎಂದು ಕೇಳಿದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೊನ್ನೆಯವರೆಗೆ ಎರಡನೆಯದೇ ದೊಡ್ಡದಿತ್ತು. ಆ ತಟ್ಟೆಯ ಮುಂದೆ ಕೂತ ವಿಠ್ಠಲನ ವಿಷಯ ಓದಿದ ಮೇಲೆ ನನಗೂ ಅನ್ನ ಇಳಿಯುತ್ತಿಲ್ಲ. ಅವನ ಕೈಯ ಸಾರು ಅನ್ನ ಉಂಡ ಹೊಟ್ಟೆ ಇದು.

ಏನು ಮಾಡಲಿ? ನೀವು ಹೇಳಿದ ಹಾಗೆ ಮಾಡುತ್ತೇನೆ. ಬೈಯಬೇಕಾದರೆ ಬೈಯಿರಿ, ಆದರೆ ಉತ್ತರ ಬರೆಯಿರಿ.

ಬಾಲಚಂದ್ರ


ಬರೋಡಾ
೨೯ ಸೆಪ್ಟೆಂಬರ್ ೧೯೬೬

ಗಿರಿಜಕ್ಕ,

ನಿಮ್ಮಿಂದ ಒಂದು ಸಾಲೂ ಇಲ್ಲ. ಒಂದು ತಿಂಗಳು ಅಂಚೆಯವನ ದಾರಿ ಕಾದೆ. ಬರುವುದಿಲ್ಲ ಎಂದು ತಿಳಿದ ಮೇಲೆ ನಾನೇ ಹೊರಟೆ.

ಮೊದಲು ನಳಿನಿಗೆ ಹೇಳಿದೆ. ಅವಳು ಒಲೆ ಆರಿಸಿ ಬಂದು ಎದುರಿಗೆ ಕೂತಳು. ಆಮೇಲೆ, "ನೌಕರಿ ಹೋದ್ರ ಹೋಗ್ಲಿ. ಆ ಮನಷ್ಯಾ ಸತ್ತ ಮ್ಯಾಲ ನೀವು ಮನ್ಯಾಗ ಹೆಂಗ ತಿರಗ್ಯಾಡ್ತೀರಿ, ಅದನ್ನ ಹೇಳ್ರಿ" ಎಂದಳು. ಅಹಮದಾಬಾದಿನ ವಕೀಲರ ಎದುರು ಕೂತು ಎಲ್ಲವನ್ನೂ ಬರೆದು ಪ್ರಮಾಣ ಮಾಡಿ ಕೊಟ್ಟೆ. ರುಜು ಹಾಕುವಾಗ ಪೆನ್ನು ಎರಡು ಸಲ ಬಿತ್ತು. ಕೆಳಗಿನ ಕೋರ್ಟಿಗೆ ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆಯೇ ಕೇಸಾಗಬಹುದು, ತಿಳಿದು ಮಾಡುತ್ತಿದ್ದೀರಾ ಎಂದು ವಕೀಲರು ಕೇಳಿದರು. ತಿಳಿದಿದೆ ಎಂದೆ.

ಅಕ್ಟೋಬರ್ ಹದಿನೇಳಕ್ಕೆ ನನ್ನನ್ನೂ ನಿಮ್ಮನ್ನೂ ಹೈಕೋರ್ಟು ಕರೆಸುತ್ತದೆ. ನನ್ನನ್ನು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನೀವು ಬಂದರೆ ಸಾಕು.

ಬಾಲಚಂದ್ರ


ಕತಾರ್‌ಗಾಮ್, ಸೂರತ್
೬ ನವೆಂಬರ್ ೧೯೬೬

ಬಾಲಚಂದ್ರ,

ವಿಠ್ಠಲನಿಗೆ ಗಲ್ಲು ತಪ್ಪಿತು. ಜೀವಾವಧಿ ಎಂದು ವಕೀಲರು ಬರೆದಿದ್ದಾರೆ. ನಿಮಗೂ ಬರೆದಿರಬಹುದು, ಆದರೂ ನನ್ನ ಕೈಯಿಂದಲೇ ಮೊದಲು ಬರೆಯಬೇಕೆಂದು ಬರೆದೆ. ತಾರ್ ಆಫೀಸಿನವರು ಅಂಥ ತಾರು ಬಂದದ್ದು ನಿಜ ಎಂದು ಬರೆದುಕೊಟ್ಟರಂತೆ. ನಿಮ್ಮ ಮೇಲೆ ಕೇಸು ಹಾಕುವುದಿಲ್ಲವಂತೆ. ತೀರ್ಪಿನಲ್ಲಿ ಮಾತ್ರ ನಿಮ್ಮನ್ನು ಚೆನ್ನಾಗಿಯೇ ಬೈದಿದ್ದಾರೆ, ನನ್ನನ್ನೂ. ನಿಮ್ಮ ಕಚೇರಿಯವರು ಏನು ಮಾಡುತ್ತಾರೋ ದೇವರಿಗೇ ಗೊತ್ತು.

ಮನೆ ಬದಲಾಯಿಸಿದ್ದೇನೆ. ಹೈಕೋರ್ಟಿಗೆ ಹೋಗಿಬಂದ ದಿನವೇ ಭಾವ ಟ್ರಂಕನ್ನು ಬೀದಿಗೆ ಇಟ್ಟರು. ಮಗುವನ್ನು ಇಟ್ಟುಕೊಳ್ಳಲು ನೋಡಿದರು. ಸುಶೀಲಾ ನನ್ನ ಸೆರಗು ಹಿಡಿದು, ಶಾಲೆಯಲ್ಲಿ ಕಲಿತ ಗುಜರಾತಿಯಲ್ಲಿ ಬೀದಿಯೆಲ್ಲ ಕೇಳುವ ಹಾಗೆ ಕಿರುಚಿದಳು. ಜನ ಸೇರಿದರು, ಭಾವ ಒಳಗೆ ಹೋದರು. ಇಲ್ಲಿ ಒಂದು ಕೋಣೆ ಸಿಕ್ಕಿದೆ. ಎರಡು ಮನೆಗೆ ಅಡಿಗೆ ಮಾಡುತ್ತೇನೆ.

ಅವತ್ತು ಹೈಕೋರ್ಟಿನಲ್ಲಿ ನೀವು ಹೇಳಿ ಹೊರಗೆ ಬಂದಾಗ ನಾನು ಜಗಲಿಯ ಬೆಂಚಿನಲ್ಲಿ ಕೂತಿದ್ದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು ನಿಮಗೆ. ನನ್ನನ್ನು ನೋಡಿಯೂ ನೋಡದ ಹಾಗೆ ಇಳಿದು ಹೋದಿರಿ. ನಾನೂ ಕರೆಯಲಿಲ್ಲ. ಆದ್ದರಿಂದ ಒಳಗೆ ಆಮೇಲೆ ಏನು ನಡೆಯಿತು ಎಂದು ನಿಮಗೆ ತಿಳಿದಿರಲಾರದು.

ಈ ಸಲ ನನ್ನ ಮಾತನ್ನು ಇಂಗ್ಲಿಷಿಗೆ ಹೇಳಿದವರು ಪದ್ಮಾವತಿ ಎಂದು, ಮೈಸೂರಿನ ಕಡೆಯವರು, ರೈಲ್ವೆ ಅಧಿಕಾರಿಯ ಹೆಂಡತಿ. ನಾನು ಒಂದು ಮಾತು ಹೇಳಿ ನಿಲ್ಲಿಸುವುದು, ಅವರು ಒಂದು ಮಾತು ಹೇಳುವುದು. ಎಲ್ಲ ಹೇಳಿದೆ. ತಾರು, ಲಾಡು, ಒಲೆಗೆ ಹಾಕಿದ್ದು. ಸತ್ತ ಗಂಡನ ತಪ್ಪನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಹಬ್ಬದ ಭರದಲ್ಲಿ ಮನುಷ್ಯತ್ವ ಮರೆತರು ಎಂದೂ ಹೇಳಿದೆ. ವಿಠ್ಠಲನ ಕೈಯಿಂದ ಆದದ್ದಕ್ಕೆ ಅವನ ಕುತ್ತಿಗೆಗೆ ಹಗ್ಗ ಹಾಕಿದರೆ ನನ್ನ ಗಂಡ ಎದ್ದು ಬರುತ್ತಾರೆಯೇ ಎಂದು ಕೇಳಿದೆ. ಇಬ್ಬರು ಜಡ್ಜುಗಳೂ ಬರೆದುಕೊಂಡರು.

ಆಮೇಲೆ ಸರ್ಕಾರಿ ವಕೀಲರು ಎದ್ದು, ದುಭಾಷಿ ನಿಮ್ಮ ಮಾತು ಮುಚ್ಚಿಟ್ಟದ್ದು ನಿಮಗೆ ಯಾವಾಗ ತಿಳಿಯಿತು ಎಂದು ಕೇಳಿದರು. ನಿಮ್ಮ ಆಗಸ್ಟಿನ ಕಾಗದ ನನ್ನ ಚೀಲದಲ್ಲಿಯೇ ಇತ್ತು. ಅದನ್ನು ತೆಗೆದು ಇದರಿಂದಲೇ ತಿಳಿಯಿತು ಎಂದಿದ್ದರೆ ಮುಗಿಯುತ್ತಿತ್ತು.

ಅವತ್ತೇ, ಕಟಕಟೆಯಲ್ಲೇ ತಿಳಿಯಿತು ಎಂದೆ.

ಪದ್ಮಾವತಿಯವರು ನನ್ನ ಮುಖ ನೋಡಿದರು. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಹೇಳಿದೆ.

ಹೌದು ಬಾಲಚಂದ್ರ. ನನಗೆ ಇಂಗ್ಲಿಷು ಬಾರದು, ಆದರೆ ಕಿವಿ ಇದೆಯಲ್ಲ. ನಾನು ಹೇಳಿದ್ದು ಅಷ್ಟುದ್ದ, ನೀವು ಹೇಳಿದ್ದು ಒಂದು ಉಸಿರಿಗೂ ಸಾಲದು. ನೀರಿನ ಲೋಟ ಕೊಡುವಾಗ ನೀವು ನನ್ನ ಮುಖ ನೋಡಲಿಲ್ಲ, ಅದನ್ನೂ ಕಂಡೆ. ಇನ್ನೊಮ್ಮೆ ಹೇಳಿ ಎಂದು ನಿಮ್ಮನ್ನು ಕೇಳಬಹುದಿತ್ತು. ಜಡ್ಜಿನ ಕಡೆಗೆ ಕೈ ಮುಗಿದು ಹರಕು ಹಿಂದಿಯಲ್ಲಾದರೂ ಕೂಗಬಹುದಿತ್ತು. ಎದುರಿಗೆ ಭಾವ ಕಣ್ಣು ಕೆಂಪು ಮಾಡಿ ಕೂತಿದ್ದರು. ಆ ನೀರು ಕುಡಿದೆ, ಇಳಿದೆ.

ಇಳಿದು ಹೊರಗೆ ಬಂದರೆ ನನಗೆ ಹಸಿವಾಯಿತು. ಇವರು ಹೋದ ಮೇಲೆ ಹಸಿವು ಎಂದರೇನು ಎಂದೇ ಮರೆತಿದ್ದೆ. ಕೋರ್ಟಿನ ಗೇಟಿನ ಹತ್ತಿರ ಒಬ್ಬ ಕಡಲೆಹಿಟ್ಟಿನ ಗಾಂಠಿಯಾ ಕರಿದು ಮಾರುತ್ತಿದ್ದ. ಹೇಳಿಯೂ ಆಯಿತು, ಕೋರ್ಟಿಗೆ ಗೊತ್ತೂ ಆಗಲಿಲ್ಲ, ಮಗು ನನ್ನ ಹತ್ತಿರವೇ ಉಳಿಯಿತು ಎಂದುಕೊಳ್ಳುತ್ತ, ವಿಧವೆ ಹೆಂಗಸು ನಡುಬೀದಿಯಲ್ಲಿ ನಿಂತು ಪೊಟ್ಟಣ ಪೂರ್ತಿ ತಿಂದೆ. ಅಲ್ಲಿಂದ ವ್ಯಾನಿನಲ್ಲಿ ವಿಠ್ಠಲನನ್ನು ಒಯ್ದರು. ಅವನು ನನಗೆ ಕೈ ಮುಗಿದ. ನನ್ನ ಬಾಯಿ ತುಂಬ ಇತ್ತು.

ಇದನ್ನೆಲ್ಲ ಹೈಕೋರ್ಟಿನಲ್ಲಿ ಹೇಳಿದೆ. ದುಭಾಷಿ ಹೆದರಿದ, ನಾನೂ ಹೆದರಿದೆ, ಶಿಕ್ಷೆ ಕೊಡುವುದಾದರೆ ಇಬ್ಬರಿಗೂ ಕೊಡಿ ಎಂದೆ.

ಜೂನಿನಲ್ಲಿ ನಿಮಗೆ ಏನೂ ಅರಿಯದವಳ ಹಾಗೆ ಬರೆದೆನಲ್ಲ, ಆಗಲೂ ಎಲ್ಲ ಗೊತ್ತಿತ್ತು. ನೀವೇ ಮೊದಲು ಒಪ್ಪಿಕೊಳ್ಳಬೇಕು, ತಪ್ಪು ಪೂರ್ತಿ ನಿಮ್ಮದಾಗಲಿ ಎಂದು ಬರೆದದ್ದು. ನೀವು ಒಪ್ಪಿಕೊಂಡಿರಿ. ಆಗ ನನಗೆ ಎಷ್ಟು ಕೋಪ ಬಂತು ಎಂದರೆ ಉತ್ತರ ಬರೆಯಲು ಕೂತವಳು ಕಾಗದ ಮುದುಡಿ ಎಸೆದೆ. ಗಂಡನನ್ನು ಕೊಂದವನ ಮೇಲೆ ಬಾರದ ಕೋಪ! ಅವನನ್ನು ಕ್ಷಮಿಸುವುದು ನನಗೆ ಅಂಥ ಕಷ್ಟವಾಗಿರಲಿಲ್ಲ, ಅವನು ನನ್ನಂಥವನಾಗಿರಲಿಲ್ಲ, ನೀವು ನನ್ನಂಥವರು.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲೆಂದೇ ಇವತ್ತು ಕೂತದ್ದು. ಬರೆಯಲು ಆಗುತ್ತಿಲ್ಲ. ನೀವು ನಡುಗುತ್ತಲೇ ಹೋಗಿ ನಿಜ ಹೇಳಿದಿರಿ, ಹೇಳಿ ಎಂದು ಯಾರೂ ಹೇಳಿರಲಿಲ್ಲ. ನೀವು ಹೋಗದಿದ್ದರೆ ನಾನು ಹೋಗುತ್ತಿದ್ದೆನೇ? ಈ ಪ್ರಶ್ನೆಯನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ, ಪುಣ್ಯ.

ನನ್ನನ್ನು ಕ್ಷಮಿಸಲು ನಿಮ್ಮಿಂದ ಆಗುತ್ತದೆಯೇ? ಇಲ್ಲ ಎಂದಾದರೂ ಬರೆಯಿರಿ. ಹೆದರಬೇಡಿ.

ಗಿರಿಜಾ